ಇಂಡಿಯಾನಾಪೊಲಿಸಿನ ಐನೂರು ಮೈಲಿ ಓಟ: ನಾನು ಕಂಡಂತೆ

ಮೋಟಾರು ವಾಹನಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಬಸ್ಸಿನ ಕಿಟಕಿಯಿಂದ ಆಚೆಗೆ ಹೋದುದಲ್ಲ. ಕಾರು ಬಿಡಲು ನನಗೆ ಬಾರದು. ಕಲಿಯಬೇಕೆಂಬ ಆಸೆಯೂ ಹುಟ್ಟಿಲ್ಲ. ಅಂಥ ನಾನು 2024ನೇ ಇಸವಿಯ ಮೇ 26ರ ಭಾನುವಾರ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ, ಮೂರು ಲಕ್ಷಕ್ಕೂ ಮಿಕ್ಕಿದ ಜನರ ನಡುವೆ, ತೊಡೆಯ ಮೇಲೆ ಹಳೆಯ ಲೆಕ್ಕದ ಪುಸ್ತಕವೊಂದನ್ನು ಬಿಡಿಸಿಕೊಂಡು, ಕೈಯಲ್ಲಿ ಪೆನ್ಸಿಲು ಹಿಡಿದು ಕುಳಿತಿದ್ದೆನೆಂದರೆ ನನ್ನ ಸಹೋದ್ಯೋಗಿಗಳು ಈಗಲೂ ನಗುತ್ತಾರೆ. ನಗಲಿ. ಆ ದಿನ ಕಂಡುದನ್ನು ಕಂಡ ಹಾಗೆಯೇ ಬರೆಯುತ್ತೇನೆ.

ಹೋದದ್ದು ಓಟ ನೋಡುವುದಕ್ಕಲ್ಲ. ಅಕ್ಕನ ಮಗಳು ಅಲ್ಲಿ ಹೆತ್ತಿದ್ದಳು. ಬಾಣಂತನಕ್ಕೆ ಅಕ್ಕ ಹೋಗಲೇಬೇಕು. ಆದರೆ ಕನ್ನಡ, ತುಳು, ಮಲಯಾಳ ಮೂರನ್ನೂ ಸಲೀಸಾಗಿ ಆಡುವ ಅಕ್ಕನಿಗೆ ಇಂಗ್ಲಿಷ್ ಮಾತ್ರ ಬಾರದು. ಎರಡು ಕಡೆ ವಿಮಾನ ಬದಲಿಸಿ ಹೋಗುವ ಧೈರ್ಯ ಅವಳಿಗಿರಲಿಲ್ಲ. ಏಪ್ರಿಲ್ 26ರ ಚುನಾವಣೆಯ ಕೆಲಸ ಮುಗಿಸಿ, ಬೇಸಗೆ ರಜೆಯ ಉಳಿದ ದಿನಗಳನ್ನು ಲೆಕ್ಕ ಹಾಕಿ, ಜೊತೆಗೆ ನಾನು ಹೊರಟೆ. ಜೂನ್ 3ಕ್ಕೆ ಶಾಲೆ ತೆರೆಯುವುದರೊಳಗೆ ಹಿಂದಿರುಗಬೇಕು ಎಂಬುದೊಂದೇ ನನ್ನ ಷರತ್ತು.

ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಅಕ್ಕ ಎಣ್ಣೆ ಕಾಸುವಳು, ಮಗುವನ್ನು ಮೀಯಿಸುವಳು, ಕಾಳುಮೆಣಸಿನ ಸಾರು ಮಾಡುವಳು. ನಾನು ಹಿತ್ತಿಲಲ್ಲಿ ಕುಳಿತು ಅಳಿಲುಗಳನ್ನು ನೋಡುತ್ತಿದ್ದೆ. ಹಾಗೆ ಕುಳಿತಿದ್ದಾಗಲೇ ನೆರೆಮನೆಯ ಮುದುಕರ ಪರಿಚಯವಾದುದು. ಎರಕದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ವಯಸ್ಸು 73. ಮಡದಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆ ತಿಂಗಳ ಆರಂಭದಲ್ಲಿ ಮಂಡಿಯ ಶಸ್ತ್ರಕ್ರಿಯೆ ಆಗಿ, ನಾಲ್ಕು ಕಾಲಿನ ಊರುಗೋಲು ಹಿಡಿದು ಅಂಗಳದ ತುದಿಯ ತನಕ ಬಂದು ಹೋಗುತ್ತಿದ್ದರು. ನಾನು ಮಾಸ್ತರನೆಂದು ತಿಳಿದ ಮೇಲೆ, ಅಕ್ಷರ ದುಂಡಗಿದೆಯೇ ಎಂದು ಕೇಳಿದರು. ವಿಚಿತ್ರ ಪ್ರಶ್ನೆ ಎನಿಸಿತು. ಇದೆ ಎಂದೆ.

ಮರುದಿನ ಅವರು ಆ ಪುಸ್ತಕ ತಂದು ತೋರಿಸಿದರು.

ಒಂದು ವರ್ಷಕ್ಕೆ ಒಂದು ಪುಟ

ಹಳೆಯ ಅಂಗಡಿಗಳಲ್ಲಿ ಇರುತ್ತಿದ್ದ ದಪ್ಪ ರಟ್ಟಿನ ಖಾತೆ ಪುಸ್ತಕದಂತೆಯೇ ಇತ್ತು. ಮೊದಲ ಪುಟದ ತಲೆಯಲ್ಲಿ 1961. ಹತ್ತು ವರ್ಷದ ಹುಡುಗನಾಗಿ ತಂದೆಯ ಜೊತೆ ಮೊದಲ ಸಲ ಓಟಕ್ಕೆ ಹೋದ ವರ್ಷ ಅದು. ಎ.ಜೆ. ಫಾಯ್ಟ್ ಎಂಬ ಟೆಕ್ಸಾಸಿನ ಚಾಲಕ ತನ್ನ ನಾಲ್ಕು ಗೆಲುವುಗಳಲ್ಲಿ ಮೊದಲನೆಯದನ್ನು ಗೆದ್ದ ವರ್ಷವೂ ಹೌದು. ಪ್ರತಿ ಪುಟದಲ್ಲಿ ಇಪ್ಪತ್ತು ಸಾಲು, ಐದು ಕಲಮು. ಓಟ ಒಟ್ಟು 200 ಸುತ್ತು. ಹತ್ತು ಸುತ್ತಿಗೊಮ್ಮೆ, ಮುಂದಿರುವ ಐದು ಕಾರುಗಳ ಸಂಖ್ಯೆಯನ್ನು ಒಂದು ಸಾಲಿನಲ್ಲಿ ಬರೆಯಬೇಕು. ಅಷ್ಟೇ ಅದರ ಕ್ರಮ. ನಮ್ಮ ಹಾಜರಿ ಪುಸ್ತಕಕ್ಕಿಂತ ಸರಳ.

ಆದರೆ ಎರಡು ಕಟ್ಟಳೆಗಳಿದ್ದವು. ಬರೆಯುವುದು ಆಸನದಲ್ಲಿ ಕುಳಿತು ಸ್ವಂತ ಕಣ್ಣಿನಿಂದ ಕಂಡದ್ದನ್ನು ಮಾತ್ರ. ಬರೆದುದನ್ನು ಅಳಿಸಬಾರದು, ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು.

ಪುಟಗಳನ್ನು ಮಗುಚಿದೆ. 1964ರ ಪುಟದಲ್ಲಿ ಎಲ್ಲಕ್ಕೂ ಮೇಲೆ ತಂದೆಯ ಕೈಬರಹದಲ್ಲಿ 'ಎರಡನೆಯ ಸುತ್ತು, ನಿಲುಗಡೆ' ಎಂದಿತ್ತು. ಆ ದಿನ ನಾಲ್ಕನೆಯ ತಿರುವಿನಿಂದ ಹೊರಬರುವಲ್ಲಿ ಡೇವ್ ಮೆಕ್‌ಡೊನಾಲ್ಡನ ಕಾರು ಗೋಡೆಗೆ ಬಡಿದು, ಪೆಟ್ರೋಲು ಹೊತ್ತಿ, ಹಿಂದಿನಿಂದ ಬಂದ ಎಡ್ಡಿ ಸಾಕ್ಸ್ ಅದೇ ಬೆಂಕಿಗೆ ನುಗ್ಗಿದ. ಇಬ್ಬರೂ ಸತ್ತರು. ಅಪಘಾತದ ಕಾರಣಕ್ಕೆ ಆ ಓಟವನ್ನು ನಿಲ್ಲಿಸಿದ್ದು ಅದೇ ಮೊದಲು. ಆಗ ಇವರಿಗೆ 13 ವರ್ಷ. ದೂರದಿಂದ ಕಪ್ಪು ಹೊಗೆಯ ಕಂಬ ಮಾತ್ರ ಕಂಡಿತಂತೆ. ಮನೆಗೆ ಹೋಗೋಣವೇ ಎಂದು ತಂದೆ ಕೇಳಿದರಂತೆ. ಬೇಡ ಎಂದೆ, ಯಾಕೆ ಬೇಡ ಎಂದೆನೋ ಇವತ್ತಿಗೂ ಗೊತ್ತಿಲ್ಲ ಎಂದರು ಮುದುಕರು.

1973ರ ಪುಟದಲ್ಲಿ ಮೂರು ದಿನಾಂಕಗಳು. ಮೊದಲ ದಿನ ಓಟ ಹೊರಡುವ ಕ್ಷಣದಲ್ಲೇ ಒಂದು ಕಾರು ಬೇಲಿಗೆ ಹಾರಿ, ಉರಿಯುವ ಇಂಧನ ಪ್ರೇಕ್ಷಕರ ಮೇಲೆ ಎರಚಿತು, ಹಲವರು ಸುಟ್ಟುಕೊಂಡರು. ಮತ್ತೆ ಮಳೆ, ಮರುದಿನವೂ ಮಳೆ. ಮೂರನೆಯ ದಿನ ಓಡಿದ್ದು 133 ಸುತ್ತು ಮಾತ್ರ. ಪುಟದ ಕೆಳಗಿನ ಆರೇಳು ಸಾಲುಗಳು ಹಾಗೆಯೇ ಖಾಲಿ.

1977ರಿಂದ ಬೇರೊಂದು ಕೈಬರಹ, ಮಡದಿಯದು. ಜಾನೆಟ್ ಗತ್ರಿ ಎಂಬಾಕೆ ಐನೂರು ಮೈಲಿ ಓಟದಲ್ಲಿ ಭಾಗವಹಿಸಿದ ಮೊದಲ ಮಹಿಳೆಯಾದದ್ದು ಆ ವರ್ಷ. ಅದಕ್ಕೆ ಕೆಲವು ವರ್ಷಗಳ ಹಿಂದಿನವರೆಗೂ ಹೆಂಗಸರಿಗೆ ಕಾರು ರಿಪೇರಿಯ ಅಂಗಳದೊಳಗೆ ಕಾಲಿಡಲೂ ಅನುಮತಿ ಇರಲಿಲ್ಲವಂತೆ. ಗತ್ರಿ ಓಡುತ್ತಾಳೆಂದರೆ ಪುಸ್ತಕ ನಾನೇ ಬರೆಯುತ್ತೇನೆ ಎಂದು ಮಡದಿ ಕಸಿದುಕೊಂಡರಂತೆ. ಮತ್ತೆ ಕೊನೆಯ ತನಕ ಬಿಟ್ಟುಕೊಡಲಿಲ್ಲ.

2020ರ ಪುಟದಲ್ಲಿ ಇಸವಿ ಒಂದೇ. ಕೊರೋನಾದಿಂದಾಗಿ ಆ ವರ್ಷದ ಓಟ ಆಗಸ್ಟಿಗೆ ಹೋಗಿ, ಪ್ರೇಕ್ಷಕರೇ ಇಲ್ಲದೆ ನಡೆಯಿತು. ಮುದುಕರು ಟಿ.ವಿ.ಯಲ್ಲಿ ನೋಡಿದರು, ಬರೆಯಲಿಲ್ಲ. ಟಿ.ವಿ.ಯಲ್ಲಿ ಕಂಡದ್ದು ಕಂಡ ಹಾಗಲ್ಲವಂತೆ.

ಇನ್ನೊಂದು ಪುಟ ಹಾಗೆ ಖಾಲಿಯಾಗುವುದು ಅವರಿಗೆ ಬೇಡವಾಗಿತ್ತು. ಮಂಡಿ ಮಡಚುವಂತಿಲ್ಲ, ಮೆಟ್ಟಲು ಹತ್ತುವಂತಿಲ್ಲ. ತನ್ನ ಮತ್ತು ಮಡದಿಯ ಹೆಸರಿನಲ್ಲಿ ವರ್ಷ ವರ್ಷ ಕಾದಿರಿಸುತ್ತ ಬಂದ ಎರಡು ಚೀಟಿಗಳನ್ನೂ ಪುಸ್ತಕವನ್ನೂ ನನ್ನ ಮುಂದಿಟ್ಟರು. ನಾನು ಅಳಿಯನ ಮುಖ ನೋಡಿದೆ. ಅಕ್ಕ ಒಳಗಿನಿಂದಲೇ, "ಹೋಗಿ ಬಾ ಮಾರಾಯ, ಇಲ್ಲಿ ಕೂತು ಎಂತ ಮಾಡ್ತಿ?" ಎಂದಳು.

ಇಟ್ಟಿಗೆಯ ದಾರಿ

ಈ ಓಟದ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಇಂಡಿಯಾನಾಪೊಲಿಸ್ ಒಂದು ಕಾಲಕ್ಕೆ ಕಾರು ತಯಾರಿಕೆಯ ಊರು. ಕಾರ್ಲ್ ಫಿಶರ್ ಎಂಬ ವ್ಯಾಪಾರಿ ಮೂವರು ಪಾಲುದಾರರೊಡನೆ 1909ರಲ್ಲಿ, ಹೊಸ ಕಾರುಗಳನ್ನು ಪರೀಕ್ಷಿಸುವುದಕ್ಕೂ ಪಂದ್ಯಕ್ಕೂ ಆಗಲೆಂದು ಎರಡೂವರೆ ಮೈಲಿ, ಅಂದರೆ ನಾಲ್ಕು ಕಿಲೋಮೀಟರು ಸುತ್ತಳತೆಯ ದಾರಿ ಮಾಡಿಸಿದ. ಮೊದಲು ಜಲ್ಲಿ ಮತ್ತು ಡಾಂಬರಿನ ದಾರಿ. ಆ ಆಗಸ್ಟಿನ ಮೊದಲ ಕಾರು ಪಂದ್ಯಗಳಲ್ಲೇ ದಾರಿ ಕಿತ್ತುಹೋಗಿ ಐವರು ಸತ್ತರು. ಅವರಲ್ಲಿ ಇಬ್ಬರು ನೋಡಲು ಬಂದವರು. ಫಿಶರ್ ಕೂಡಲೇ 32 ಲಕ್ಷ ಇಟ್ಟಿಗೆ ತರಿಸಿ ಇಡೀ ದಾರಿಗೆ ಹಾಸಿದ. ಈಗ ಡಾಂಬರು ಹಾಕಿದ್ದಾರೆ. ಗೆಲುವಿನ ಗೆರೆಯಲ್ಲಿ ಒಂದು ಗಜ ಅಗಲದ ಇಟ್ಟಿಗೆಯ ಪಟ್ಟಿಯನ್ನು ಮಾತ್ರ ನೆನಪಿಗೆ ಉಳಿಸಿದ್ದಾರೆ. ಗೆದ್ದವರು ಮಂಡಿಯೂರಿ ಅದಕ್ಕೆ ಮುತ್ತಿಡುತ್ತಾರೆ.

ಮೊದಲ ಐನೂರು ಮೈಲಿ ಓಟ ನಡೆದುದು 1911ರ ಮೇ 30ರಂದು. ಗೆದ್ದ ರೇ ಹರೂನ್ ಆರು ಗಂಟೆ ನಲವತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಓಡಿಸಿದ. ಉಳಿದವರೆಲ್ಲ ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಹೇಳಲು ಜೊತೆಗೊಬ್ಬ ಮೆಕ್ಯಾನಿಕನನ್ನು ಕೂರಿಸಿಕೊಂಡಿದ್ದರೆ, ಹರೂನ್ ಒಬ್ಬನೇ ಕುಳಿತು ಎದುರಿಗೊಂದು ಕನ್ನಡಿ ಕಟ್ಟಿಕೊಂಡಿದ್ದ. ಅವನ ಸರಾಸರಿ ವೇಗ ಗಂಟೆಗೆ 120 ಕಿ.ಮೀ. ನಾನು ನೋಡಿದ ವರ್ಷ ಮೊದಲ ಸ್ಥಾನದಿಂದ ಹೊರಡುವ ಹಕ್ಕು ಗಳಿಸಿದ ಸ್ಕಾಟ್ ಮೆಕ್‌ಲಾಫ್ಲಿನ್‌ನ ಅರ್ಹತಾ ವೇಗ ಗಂಟೆಗೆ ಸುಮಾರು 377 ಕಿ.ಮೀ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕಾಸರಗೋಡಿನಿಂದ ಮಂಗಳೂರಿಗೆ ಎಂಟು ನಿಮಿಷ. ತಲಪಾಡಿಯಲ್ಲಿ ಯಾರೂ ತಡೆಯದಿದ್ದರೆ.

ಎರಡು ಮಹಾಯುದ್ಧಗಳ ಕಾಲ ಬಿಟ್ಟರೆ ಓಟ ವರ್ಷವೂ ನಡೆದಿದೆ; 2024ರದು 108ನೆಯದು. 33 ಕಾರುಗಳು, ಸಾಲಿಗೆ ಮೂರರಂತೆ ಹನ್ನೊಂದು ಸಾಲು. ನಮ್ಮ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 13 ಲಕ್ಷ. ಅದರ ಕಾಲು ಪಾಲು ಒಂದೇ ಬಯಲಿಗೆ ಬಂದು ಕುಳಿತರೆ ಹೇಗಿರಬಹುದೆಂದು ಓದುಗರು ಊಹಿಸಿಕೊಳ್ಳಲಿ.

ಮಳೆ

ಬೆಳಗ್ಗೆ ಐದೂವರೆಗೇ ಹೊರಟೆವು. ಆರು ಗಂಟೆಗೆ ಕದಿನ ಸಿಡಿಯಿತು. ಬಾಗಿಲುಗಳು ತೆರೆದವು ಎಂಬುದಕ್ಕೆ ಸೂಚನೆ. ಕದಿನದ ಶಬ್ದ ಕೇಳಿ ನನಗೆ ಊರ ಜಾತ್ರೆಯ ನೆನಪಾಯಿತು. ಜನ ಬರುವ ರೀತಿಯೂ ಜಾತ್ರೆಯದೇ. ಅಜ್ಜ, ಮಗ, ಮೊಮ್ಮಗ ಒಟ್ಟಿಗೆ, ಇಬ್ಬರು ಹಿಡಿದುಕೊಂಡ ಐಸಿನ ಪೆಟ್ಟಿಗೆ, ಅದರೊಳಗೆ ಬುತ್ತಿ. ಅಳಿಯ ಬ್ರೆಡ್ಡು ಕಟ್ಟಿಕೊಂಡಿದ್ದ. ಅಕ್ಕ ನನಗೆ ಬೇರೆಯೇ ಡಬ್ಬಿಯಲ್ಲಿ ಮೊಸರನ್ನವನ್ನೂ ಮಾವಿನ ಉಪ್ಪಿನಕಾಯಿಯನ್ನೂ ಕೊಟ್ಟಿದ್ದಳು.

ನಮ್ಮ ಜಾಗ ಮೊದಲನೆಯ ತಿರುವಿಗೆ ಸ್ವಲ್ಪ ಮುಂಚೆ. ಆಚೀಚೆ ಕುಳಿತವರಿಗೆ ಮುದುಕರ ಪರಿಚಯವಿತ್ತು. ನಾವು ಆ ಎರಡು ಆಸನಗಳಲ್ಲಿ ಕುಳಿತದ್ದೇ ತಡ, ಹಿಂದಿನ ಸಾಲಿನ ಹೆಂಗಸೊಬ್ಬರು ಗಾಬರಿಯಿಂದ ಬಾಗಿ, ಅವರಿಗೇನಾಯಿತು ಎಂದು ಕೇಳಿದರು. ಮಂಡಿಯ ವಿಷಯ ಹೇಳಿದೆ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, "ಸರಿ, ಹಾಗಾದರೆ ಸರಿ" ಎಂದು ಕುಳಿತರು. ವರ್ಷಕ್ಕೆ ಒಂದೇ ದಿನ ಕಾಣುವ ನೆರೆಕರೆ ಅದು.

ಹನ್ನೆರಡೂ ಮುಕ್ಕಾಲಕ್ಕೆ ಓಟ ಹೊರಡಬೇಕಿತ್ತು. ಅದಕ್ಕೆ ಮೊದಲೇ ಪಡುವಣದಲ್ಲಿ ಆಕಾಶ ಕಪ್ಪಾಯಿತು. ಮಿಂಚು ಬರುತ್ತಿದೆ, ಎಲ್ಲರೂ ಗ್ಯಾಲರಿಯಿಂದ ಇಳಿಯಿರಿ ಎಂದು ಧ್ವನಿವರ್ಧಕದಲ್ಲಿ ಕೂಗಿ ಹೇಳಿದರು. ಉಕ್ಕಿನ ಬೆಂಚುಗಳ ಮೇಲೆ ಅಷ್ಟು ಜನ ಕುಳಿತಿರುವಾಗ ಸಿಡಿಲೆರಗಿದರೆ ಏನು ಗತಿ? ನಾನು ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಸೇರಿಸಿ, ಹೊಟ್ಟೆಗೆ ಅವಚಿಕೊಂಡು ಇಳಿದೆ. ಮತ್ತೆ ಸುರಿಯಿತು. ನಮ್ಮ ಕರ್ಕಾಟಕದ ಮಳೆ ಕಂಡವನಿಗೆ ಅದೇನೂ ದೊಡ್ಡ ಮಳೆಯಲ್ಲ. ಆದರೆ ಆ ಓಟಕ್ಕೆ ಹನಿ ಮಳೆಯೂ ಆಗದು. ಆ ಕಾರುಗಳ ಟಯರುಗಳಲ್ಲಿ ನಮ್ಮ ಬಸ್ಸಿನ ಟಯರಿನ ಹಾಗೆ ನೀರು ಹೊರಹೋಗುವ ಗೀರುಗಳಿಲ್ಲ, ಬೋಳು, ನುಣುಪು. ಒಣ ದಾರಿಯಲ್ಲಿ ಅಂಟಿನಂತೆ ಹಿಡಿಯುವ ಆ ರಬ್ಬರು ತೆಳ್ಳಗಿನ ನೀರ ಪದರದ ಮೇಲೆ ಹಿಡಿತವೇ ಇಲ್ಲದೆ ಜಾರುತ್ತದೆ. ಸೆಕೆಂಡಿಗೆ ನೂರು ಮೀಟರು ಹೋಗುವಾಗ ಜಾರಿದರೆ ಮುಂದೆ ಇರುವುದು ಗೋಡೆ.

ಸುಮಾರು ನಾಲ್ಕು ಗಂಟೆ ಹೊತ್ತು ನಾವು ಗ್ಯಾಲರಿಯ ಅಡಿಯಲ್ಲಿ ನಿಂತೆವು. ಅಷ್ಟೊಂದು ಜನರಲ್ಲಿ ಹೊರಟುಹೋದವರು ನನಗೆ ಹೆಚ್ಚು ಕಾಣಲಿಲ್ಲ. ಇಸ್ಪೀಟು ಆಡಿದರು, ನಿಂತಲ್ಲೇ ತೂಕಡಿಸಿದರು, ಹಳೆಯ ಮಳೆಗಳ ಕಥೆ ಹೇಳಿದರು: 1976ರಲ್ಲಿ ಅರ್ಧ ದಾರಿಗೇ ನಿಂತು 255 ಮೈಲಿಗೆ ಮುಗಿದ ಓಟ, 2007ರಲ್ಲಿ 415 ಮೈಲಿಗೆ ಮುಗಿದದ್ದು. ಪೈವಳಿಕೆಯ ಕಂಬಳಕ್ಕೆ ಹೋದವರಿಗೆ ಇದು ಹೊಸತಲ್ಲ. ಅಲ್ಲಿ ಒಂದು ಜೊತೆ ಕೋಣಗಳ ಓಟ ಹತ್ತು ಹನ್ನೆರಡು ಸೆಕೆಂಡಿನ ಕೆಲಸ; ಅದಕ್ಕಾಗಿ ಇಡೀ ರಾತ್ರಿ ಮಂಜಿನಲ್ಲಿ ನಿಲ್ಲುವವರಿದ್ದಾರೆ.

ನನ್ನ ಚಿಂತೆ ಬೇರೆ. ಆ ಓಡುದಾರಿಗೆ ವಿದ್ಯುದ್ದೀಪವಿಲ್ಲ. ಕತ್ತಲಾಗುವ ಮುಂಚೆ ಮುಗಿಯದಿದ್ದರೆ ಉಳಿದ ಸಾಲುಗಳು ಖಾಲಿ. ಮರುದಿನಕ್ಕೆ ಹೋದರೆ ಅಳಿಯನಿಗೆ ಬಿಡುವಿದೆಯೋ ಇಲ್ಲವೋ. ಹಿಂದಿನ ದಿನದವರೆಗೂ ಇದೊಂದು ದುಂದುಗಾರಿಕೆಯ ಆಟ, ಎಣ್ಣೆ ಸುಡುವ ಹುಚ್ಚು ಎಂದುಕೊಂಡಿದ್ದ ನಾನು, ಮೂರು ಗಂಟೆಗೆ ಮಳೆ ಬಿಟ್ಟಾಗ, ಜೆಟ್ ಎಂಜಿನು ಹೊತ್ತ ಲಾರಿಗಳು ದಾರಿಯ ಮೇಲೆ ಬಿಸಿಗಾಳಿ ಊದುತ್ತ ಹೊರಟಾಗ, ಎಲ್ಲರ ಜೊತೆ ಕೈ ತಟ್ಟಿದೆ. (ಎಣ್ಣೆಯ ವಿಷಯದಲ್ಲಿ ನನ್ನ ತಿಳಿವಳಿಕೆ ತಪ್ಪೆಂದು ಅಳಿಯ ತಿದ್ದಿದ. 1964ರ ಬೆಂಕಿಯ ನಂತರ ಅಲ್ಲಿ ಪೆಟ್ರೋಲು ಹೋಗಿ ಮೆಥನಾಲ್ ಬಂತು, ಆಮೇಲೆ ಎಥನಾಲ್. ಈಗ ಕಬ್ಬಿನ ತ್ಯಾಜ್ಯದಿಂದ ತೆಗೆದ ಎಥನಾಲಿನಿಂದ ಮಾಡಿದ ಇಂಧನವಂತೆ. ಆದರೂ ಅಷ್ಟು ಜನ ಬಂದ ಕಾರುಗಳು ಸುಟ್ಟದ್ದು ಪೆಟ್ರೋಲನ್ನೇ ಅಲ್ಲವೇ ಎಂದೆ. ಅವನು ನಕ್ಕು ಸುಮ್ಮನಾದ.)

ಐದು ಕಲಮು, ಇಪ್ಪತ್ತು ಸಾಲು

ಗಂಟೆ 4.44ಕ್ಕೆ ಓಟ ಹೊರಟಿತು. ಊರಲ್ಲಿ ಆಗ ನಡುರಾತ್ರಿ ಕಳೆದು ಎರಡೂಕಾಲು.

ಆ ಶಬ್ದವನ್ನು ಬರೆದು ತಿಳಿಸಲಾಗದು. ಕಿವಿಯಲ್ಲಿ ರಬ್ಬರಿನ ಬಿರಡೆ ಇದ್ದರೂ ಎದೆಗೂಡಿನೊಳಗೆ ಕೇಳುತ್ತಿತ್ತು. ಮೂವತ್ತಮೂರು ಕಾರುಗಳು ನಮ್ಮೆದುರು ಬಂದು ಮೊದಲ ತಿರುವಿಗೆ ಹೊರಳಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲೇ ಹೊಗೆ. ಒಂದು ಕಾರು ಒಳಬದಿಯಲ್ಲಿ ಹಿಡಿತ ತಪ್ಪಿ ತಿರುಗಿತು. ಪಕ್ಕದಲ್ಲಿದ್ದ ಮಾರ್ಕಸ್ ಎರಿಕ್ಸನ್ ಅದಕ್ಕೆ ಸಿಕ್ಕಿ ಗೋಡೆಗೆ ಹೋದ. ಎರಡು ವರ್ಷಗಳ ಹಿಂದೆ ಇದೇ ಓಟವನ್ನು ಗೆದ್ದವನು, ಈಗ ಒಂದು ಸುತ್ತನ್ನೂ ಮುಗಿಸಲಿಲ್ಲ. ಮೂರು ಕಾರುಗಳು ಅಲ್ಲಿಗೇ ಮುಗಿದವು. ಚಕ್ರ, ತಗಡು, ಚೂರುಗಳು.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ನನ್ನ ಸುತ್ತ ಎಲ್ಲರೂ ನಿಂತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಚಾಲಕರು ಒಬ್ಬೊಬ್ಬರಾಗಿ ಹೊರಬಂದು ನಡೆದಾಗ ಇಡೀ ಗ್ಯಾಲರಿ ಒಂದೇ ಸಲ ಉಸಿರು ಬಿಟ್ಟಿತು, ಚಪ್ಪಾಳೆ ತಟ್ಟಿತು. ಆ ಗೋಡೆ ಕಾಂಕ್ರೀಟಿನದಾದರೂ ಅದರ ಮುಂದೆ ಉಕ್ಕಿನ ಕೊಳವೆಗಳನ್ನು ನಿಲ್ಲಿಸಿ, ನಡುವೆ ಗಟ್ಟಿ ನೊರೆಯ ದಿಂಬುಗಳನ್ನಿಟ್ಟಿದ್ದಾರೆ. ಕಾರು ಬಡಿದಾಗ ಅದು ತಾನು ಒಳಸರಿದು ಪೆಟ್ಟನ್ನು ನುಂಗುತ್ತದೆ. ಈ ಬಗೆಯ ಗೋಡೆಯನ್ನು ಮೊದಲು ಕಟ್ಟಿದುದು ಇಲ್ಲೇ, 2002ರಲ್ಲಿ. ಚಾಲಕನ ಮುಂದೆ ಪಾರದರ್ಶಕ ತಡೆ ಬಂದುದು 2020ರಲ್ಲಿ. ಕಾರು ಒಡೆದರೂ ಚಕ್ರಗಳು ಹಾರದಂತೆ ಗಟ್ಟಿ ನಾರಿನ ಹಗ್ಗದಿಂದ ಬಿಗಿದಿರುತ್ತಾರೆ. ಆ ಹಗ್ಗ ಪ್ರೇಕ್ಷಕನಿಗಾಗಿಯೂ ಹೌದು. 1987ರಲ್ಲಿ ಹಾರಿಬಂದ ಚಕ್ರ ತಗಲಿ ಗ್ಯಾಲರಿಯ ತುತ್ತತುದಿಯಲ್ಲಿ ಕುಳಿತಿದ್ದ ಒಬ್ಬರು ಸತ್ತರು. ಇಷ್ಟೆಲ್ಲ ಆಗಿಯೂ 2023ರಲ್ಲಿ ಒಂದು ಚಕ್ರ ಬೇಲಿ ದಾಟಿ, ಜನರ ತಲೆಯ ಮೇಲಿಂದ ಹಾರಿ, ಹೊರಗೆ ನಿಲ್ಲಿಸಿದ್ದ ಕಾರಿಗೆ ಬಡಿಯಿತು. ಸ್ವಲ್ಪ ಈಚೆಗೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ಹಿಂದಿನ ಸಾಲಿನ ಹೆಂಗಸು ನನಗೆ ಹೇಳಿದರು. ಮತ್ತೇಕೆ ಈ ವರ್ಷ ಬಂದಿರಿ ಎಂದು ಕೇಳಬೇಕೆನಿಸಿತು. ನಾನೂ ಅಲ್ಲೇ ಕುಳಿತಿದ್ದೆನಾದ್ದರಿಂದ ಕೇಳಲಿಲ್ಲ.

ಓಟ ಮತ್ತೆ ಸಾಗಿದ ಮೇಲೆ ನನಗೆ ಪುರುಸೊತ್ತೇ ಇರಲಿಲ್ಲ. ನೋಡುವುದೆಂದರೇನೆಂದು ಅಲ್ಲಿ ತಿಳಿಯಿತು. ನಾಲ್ಕು ಕಿಲೋಮೀಟರಿನ ದಾರಿಯಲ್ಲಿ ನಮಗೆ ಕಾಣುವುದು ಒಂದು ತುಂಡು. ನಲವತ್ತು ನಲವತ್ತೈದು ಸೆಕೆಂಡಿಗೊಮ್ಮೆ ಕಾರುಗಳು ಬಂದು, ಒಂದೆರಡು ಸೆಕೆಂಡಿನಲ್ಲಿ ಮರೆಯಾಗುತ್ತವೆ. ಉಳಿದ ಹೊತ್ತು ಬರಿದಾದ ದಾರಿಯನ್ನು ನೋಡುತ್ತ, ಆಚೆ ಏನಾಗಿರಬಹುದೆಂದು ಕಾಯುವುದು. ಕಾರಿನ ಮೂತಿಯ ಮೇಲಿನ ಸಂಖ್ಯೆ ಓದಲು ಮೊದಲು ನನ್ನಿಂದಾಗಲೇ ಇಲ್ಲ. ಬಣ್ಣ ಗುರುತಿಟ್ಟುಕೊಳ್ಳಲು ಅಳಿಯ ಹೇಳಿಕೊಟ್ಟ. ಸಂಖ್ಯೆಗಳು ಕ್ರಮವಾಗಿ ಬೆಳಗುವ ದೊಡ್ಡ ಕಂಬವೊಂದು ಅಲ್ಲಿದೆ. ಅದನ್ನು ನೋಡಿ ನಕಲು ಮಾಡಿದರೆ ಮುಗಿಯಿತು. ಆದರೆ ಪರೀಕ್ಷಾ ಕೋಣೆಯಲ್ಲಿ ಹುಡುಗರ ಕಣ್ಣು ಎತ್ತ ಹೋಗುತ್ತದೆಂದು ಇಪ್ಪತ್ತು ವರ್ಷ ಕಾದವನು ನಾನು. ಮೊದಲು ಕಣ್ಣಿನಿಂದ ಕಂಡದ್ದನ್ನು ಬರೆದು, ಆಮೇಲೆ ಕಂಬ ನೋಡಿ ತಾಳೆ ಹಾಕಿದೆ. ಹೊಡೆದು ಬರೆದ ಗೆರೆಗಳು ಬೇಕಾದಷ್ಟಾದವು.

ಮೊದಮೊದಲ ಸಾಲುಗಳಲ್ಲಿ ಮೆಕ್‌ಲಾಫ್ಲಿನ್‌ನ 3 ಎಂಬ ಹಳದಿ ಕಾರು ಮುಂದಿತ್ತು. ಎಂಜಿನು ಕೆಟ್ಟು ಕೆಲವರು ಹೊರಬಿದ್ದರು. ಆ ವರ್ಷದ ಏಕೈಕ ಮಹಿಳೆ ಕ್ಯಾಥರಿನ್ ಲೆಗ್ ಕೂಡ. ಇಂಧನಕ್ಕೂ ಟಯರಿಗೂ ನಿಂತು ಹೋಗುವಾಗ ಕ್ರಮ ಮೇಲುಕೆಳಗಾಗಿ, ಹೆಸರೇ ಕೇಳದವರು ಮುಂದೆ ಬಂದು ಮತ್ತೆ ಹಿಂದೆ ಹೋದರು. ಹೊತ್ತು ಇಳಿಯಿತು. ಕೊನೆಯ ಹತ್ತು ಸುತ್ತುಗಳಲ್ಲಿ ಇಬ್ಬರೇ: ಹಿಂದಿನ ವರ್ಷ ಗೆದ್ದಿದ್ದ ಜೋಸೆಫ್ ನ್ಯೂಗಾರ್ಡನ್, ಅವನದು 2, ಮೆಕ್ಸಿಕೋ ದೇಶದ ಪಾಟೊ ಒ'ವಾರ್ಡ್, ಅವನದು 5.

ಇನ್ನೂರನೆಯ ಸುತ್ತಿಗೆ ಹೊರಡುವಾಗ 2 ಮುಂದಿತ್ತು. ನಮ್ಮೆದುರೇ, ಮೊದಲ ತಿರುವಿನ ಬಾಯಲ್ಲಿ, 5 ಅದನ್ನು ದಾಟಿತು. ಸ್ಪಷ್ಟವಾಗಿ ಕಂಡೆ. ಇಡೀ ಗ್ಯಾಲರಿ ಕೂಗಿತು. ಇನ್ನು ಒಂದೇ ಸುತ್ತು, ಗೆದ್ದವನು ಇವನೇ ಎಂದು ನಾನು ಇಪ್ಪತ್ತನೆಯ ಸಾಲಿನ ಮೊದಲ ಕಲಮಿನಲ್ಲಿ 5 ಎಂದು ಬರೆದುಬಿಟ್ಟೆ. ಮಾಸ್ತರನ ಆತುರ. ತಲೆ ಎತ್ತುವಷ್ಟರಲ್ಲಿ ಆಚೆ ಬದಿಯ ಜನ ಕೂಗಿದ್ದು ಕೇಳಿತು. ಅಲ್ಲಿ, ಮೂರನೆಯ ತಿರುವಿನಲ್ಲಿ, ನ್ಯೂಗಾರ್ಡನ್ ಹೊರಬದಿಯಿಂದ ಅವನನ್ನು ಮತ್ತೆ ದಾಟಿದ್ದ. ಗೆರೆಗೆ ಮೊದಲು ಬಂದುದು 2. ಅಂತರ ಸೆಕೆಂಡಿನ ಮೂರನೆಯ ಒಂದು ಪಾಲು.

ನಾನು 5ನ್ನು ಹೊಡೆದು 2 ಎಂದು ಬರೆದೆ. ಎರಡು ವರ್ಷ ಸತತವಾಗಿ ಗೆದ್ದವರು 2002ರ ನಂತರ ಇರಲಿಲ್ಲವಂತೆ. ನ್ಯೂಗಾರ್ಡನ್ ಕಾರು ನಿಲ್ಲಿಸಿ, ಬೇಲಿಯ ಕಂಡಿಯಲ್ಲಿ ನುಸುಳಿ, ಜನರ ನಡುವೆ ಬಿದ್ದ. ಆಮೇಲೆ ಹಾಲು ಕುಡಿದ. ಗೆದ್ದವನು ಹಾಲು ಕುಡಿಯುವುದು ಅಲ್ಲಿನ ಕಟ್ಟಳೆ. 1936ರಲ್ಲಿ ಲೂಯಿ ಮೇಯರ್ ಎಂಬವನು ದಾಹಕ್ಕೆ ಮಜ್ಜಿಗೆ ಕುಡಿದುದರಿಂದ ಹುಟ್ಟಿದ್ದು. ಮಜ್ಜಿಗೆಯೇ ಇದ್ದರೆ ಚೆನ್ನಾಗಿತ್ತು. 1993ರಲ್ಲಿ ಗೆದ್ದ ಎಮರ್ಸನ್ ಫಿಟಿಪಾಲ್ಡಿ ಹಾಲಿನ ಬದಲು ಕಿತ್ತಳೆ ರಸ ಕುಡಿದನೆಂದು ಜನ ಅವನನ್ನು ಇನ್ನೂ ಕ್ಷಮಿಸಿಲ್ಲ. ನನ್ನ ಕಣ್ಣಿದ್ದದ್ದು ದೊಡ್ಡ ತೆರೆಯ ಮೇಲೆ ಕಾಣುತ್ತಿದ್ದ ಒ'ವಾರ್ಡನ ಮೇಲೆ. ಅವನು ಅಳುತ್ತಿದ್ದ.

ಪುಸ್ತಕ ಹಿಂದಿರುಗಿಸಿದ್ದು

ಆ ನಗರದಲ್ಲಿ ಇನ್ನೊಂದು ಕಟ್ಟಳೆ ಇತ್ತು. ಆಸನಗಳು ಖಾಲಿ ಬೀಳಬಾರದೆಂದು, ಓಟವನ್ನು ನಡೆಯುವ ಹೊತ್ತಿಗೇ ಊರಿನವರಿಗೆ ಟಿ.ವಿ.ಯಲ್ಲಿ ತೋರಿಸುತ್ತಿರಲಿಲ್ಲ, ದೇಶವೆಲ್ಲ ನೋಡುವಾಗ ಅವರು ರೇಡಿಯೋ ಕೇಳಬೇಕಿತ್ತು. ಆ ದಿನ ಮಳೆಯಿಂದ ತಡವಾದ ಕಾರಣ ನಿರ್ಬಂಧ ತೆಗೆದರು. ಮುದುಕರು ಟಿ.ವಿ. ಹಾಕಿ, ಅದರ ಧ್ವನಿ ಮುಚ್ಚಿ, ರೇಡಿಯೋ ಕೇಳುತ್ತ ನೋಡಿದರಂತೆ.

ಮರುದಿನ ಬೆಳಗ್ಗೆ ಪುಸ್ತಕ ಒಯ್ದು ಕೊಟ್ಟೆ. ಕನ್ನಡಕ ಹಾಕಿ ಸಾಲು ಸಾಲಾಗಿ ಓದಿದರು. ಅರ್ಧಕ್ಕೆ ಬಂದಾಗ ನಿಂತು, ಪುಟವನ್ನು ನನ್ನ ಕಡೆ ತಿರುಗಿಸಿದರು. ನೋಡಿ ನನ್ನ ಎದೆ ಧಸಕ್ಕೆಂದಿತು. ಹನ್ನೆರಡನೆಯ ಸಾಲಿನಿಂದ ಕೆಳಗೆ ಎಲ್ಲವೂ ಕನ್ನಡ ಅಂಕಿಗಳು! ದಿನವೂ ಕರಿಹಲಗೆಯ ಮೇಲೆ ದಿನಾಂಕವನ್ನು ಕನ್ನಡ ಅಂಕಿಗಳಲ್ಲಿ ಬರೆಯುವುದು ನನ್ನ ಅಭ್ಯಾಸ. ಓಟ ಬಿಸಿಯೇರಿದ ಹಾಗೆ ಕೈ ತನ್ನ ದಾರಿ ತಾನು ಹಿಡಿದಿತ್ತು. ಇಪ್ಪತ್ತನೆಯ ಸಾಲಿನಲ್ಲಿ ಹೊಡೆದ ೫, ಪಕ್ಕದಲ್ಲಿ ೨, ಆಮೇಲೆ ಉಳಿದವು: ೫, ೯, ೭, ೧೦.

ಕ್ಷಮಿಸಿ, ಬೇರೆ ಹಾಳೆಯಲ್ಲಿ ಪ್ರತಿ ಮಾಡಿ ಅಂಟಿಸುತ್ತೇನೆ ಎಂದೆ. ಅವರು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡರು. ಇದು ಯಾವ ಭಾಷೆ ಎಂದು ಕೇಳಿದರು. ಹೇಳಿದೆ. ಅದು ನಿಮ್ಮ ರಾಜ್ಯದ ಭಾಷೆಯೇ ಎಂದರು. ಅಲ್ಲ, ನಮ್ಮ ಊರಿನದು. ರಾಜ್ಯದ್ದು ಬೇರೆ ಎಂದೆ. ಅದನ್ನು ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಪೆನ್ಸಿಲು ನನ್ನ ಕೈಗೆ ಕೊಟ್ಟು, ಪುಟದ ಅಂಚಿನಲ್ಲಿ ಸೊನ್ನೆಯಿಂದ ಒಂಬತ್ತರ ತನಕ ಎರಡೂ ಬಗೆಯ ಅಂಕಿಗಳನ್ನು ಬರೆಸಿಕೊಂಡರು. ಆಮೇಲೆ ಹೊಡೆದ ೫ರ ಮೇಲೆ ಬೆರಳಿಟ್ಟು, ಅವನು ದಾಟಿದ್ದು ನಿಮ್ಮೆದುರಿಗೇ ಅಲ್ಲವೇ, ನನಗೆ ಟಿ.ವಿ.ಯಲ್ಲಿ ಅದು ಬೇರೆ ಕೋನದಿಂದ ಕಂಡಿತು ಎಂದರು. ಹೇಗೆ ದಾಟಿದ ಎಂದು ಮೂರು ಸಲ ಹೇಳಿಸಿದರು.

ಜೂನ್ 3ಕ್ಕೆ ನಾನು ಶಾಲೆಯಲ್ಲಿದ್ದೆ.

2025ರ ಮೇ 25ರಂದು ಅವರೇ ಹೋದರಂತೆ, ಕೋಲು ಹಿಡಿದು. ಆ ವರ್ಷವೂ ಸ್ವಲ್ಪ ಮಳೆ, ಹೊರಡುವುದು ತಡವಾಯಿತು. ಮೆಕ್‌ಲಾಫ್ಲಿನ್ ಓಟ ಶುರುವಾಗುವ ಮುಂಚೆಯೇ, ಟಯರು ಬಿಸಿ ಮಾಡುವ ಸುತ್ತಿನಲ್ಲಿ ಗೋಡೆಗೆ ಬಡಿದು ಹೊರಬಿದ್ದ. ಗೆದ್ದವನು ಸ್ಪೇನಿನ ಅಲೆಕ್ಸ್ ಪಲೌ, ಅವನ ಕಾರು 10. ಅಳಿಯ ಆ ಪುಟದ ಫೋಟೋ ಕಳಿಸಿದ್ದಾನೆ. ಕೊನೆಯ ಸಾಲಿನ ಬದಿಯಲ್ಲಿ ಮುದುಕರು ಪ್ರಯಾಸಪಟ್ಟು ಕನ್ನಡದಲ್ಲಿ ಹತ್ತು ಎಂದು ಬರೆದಿದ್ದಾರೆ. ಸೊನ್ನೆ ಸರಿಯಾಗಿದೆ. ಒಂದರ ಬಾಯಿ ಮಾತ್ರ ಕೆಳಗಿರಬೇಕಾದದ್ದು ಮೇಲಕ್ಕಾಗಿದೆ.